ಚಕ್ಕುಬಂದಿಯಲ್ಲಿ ಉಳಿದುಕೊಂಡ ಗೆರೆ

ಗೃಹಸಾಲಕ್ಕೆ ಅರ್ಜಿ ಹಾಕಿದವರ ಮನೆಯನ್ನು ನೋಡಿ, ಬೆಲೆ ಕಟ್ಟಿ, ಬ್ಯಾಂಕಿಗೆ ವರದಿ ಕೊಡುವುದು ನನ್ನ ವೃತ್ತಿ. ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಲ್ಲಿ ಇಪ್ಪತ್ತು ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ. ವರದಿಯ ನಮೂನೆಯಲ್ಲಿ ಸೈಟಿನ ಅಳತೆ, ಚಕ್ಕುಬಂದಿ (ಅಂದರೆ ನಾಲ್ಕು ದಿಕ್ಕಿನ ಎಲ್ಲೆಗಳು), ಕಟ್ಟಡದ ವಯಸ್ಸು ಇವುಗಳ ಜೊತೆಗೆ ‘ಪ್ರದೇಶದ ವರ್ಗ’ ಎಂಬ ಕಾಲಂ ಇರುತ್ತದೆ. ಮೇಲ್ದರ್ಜೆ, ಮಧ್ಯಮ, ಬಡ ಎಂಬ ಮೂರು ಪದಗಳಲ್ಲಿ ಒಂದನ್ನು ಅಲ್ಲಿ ಬರೆಯಬೇಕು. ಉಳಿದದ್ದನ್ನೆಲ್ಲ ಟೇಪು ಹಿಡಿದು ಅಳೆಯಬಹುದು. ಈ ಒಂದು ಪದವನ್ನು ಮಾತ್ರ ನಾನು ಬಹಳ ವರ್ಷ ಬೀದಿಯ ತಿರುವಿನಲ್ಲಿ ನಿಂತು, ಹೆಚ್ಚು ಯೋಚಿಸದೆ ಬರೆದುಬಿಟ್ಟಿದ್ದೇನೆ.

ಇಂಥದೇ ಕಾಲಂ ಅಮೆರಿಕದಲ್ಲಿ ಏನು ಮಾಡಿತು ಎಂಬುದನ್ನು ಓದಿದ ಮೇಲೆ ನನ್ನ ಕೈ ತಡೆಯತೊಡಗಿತು. ಅಲ್ಲಿನ ಸರ್ಕಾರ 1933ರಲ್ಲಿ ಸ್ಥಾಪಿಸಿದ ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್, 200ಕ್ಕೂ ಹೆಚ್ಚು ನಗರಗಳ ನಕ್ಷೆಗಳನ್ನು ಮಾಡಿಸಿ, ಬಡಾವಣೆಗಳಿಗೆ ಹಸಿರು, ನೀಲಿ, ಹಳದಿ, ಕೆಂಪು ಬಣ್ಣಗಳನ್ನು ಹಚ್ಚಿಸಿತು. ಸಾಲ ಕೊಡಲು ಹಸಿರು ಅತ್ಯಂತ ಸುರಕ್ಷಿತ, ಕೆಂಪು ಅತ್ಯಂತ ಅಪಾಯಕರ ಎಂದು ಅದರ ಅರ್ಥ. ಕಪ್ಪು ಜನರು ವಾಸಿಸುತ್ತಿದ್ದ ಬೀದಿಗಳು ಬಹುತೇಕ ಕೆಂಪಾದವು. ಆ ಬಣ್ಣಗಳನ್ನು ನಿರ್ಧರಿಸಿದವರಲ್ಲಿ ನನ್ನಂತೆ ಮನೆಗಳಿಗೆ ಬೆಲೆ ಕಟ್ಟುವವರೂ ಇದ್ದರು. ಗೃಹಸಾಲಗಳಿಗೆ ವಿಮೆ ಕೊಡಲೆಂದು 1934ರಲ್ಲಿ ಹುಟ್ಟಿದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ತನ್ನ ಕೈಪಿಡಿಯಲ್ಲಿ, ಬೇರೆ ಬೇರೆ ಜನಾಂಗದವರು ಒಂದೇ ಕಡೆ ನೆಲೆಸಿದರೆ ಆಸ್ತಿಯ ಬೆಲೆ ಕುಸಿಯುತ್ತದೆ ಎಂಬ ನಂಬಿಕೆಯನ್ನೇ ನಿಯಮವನ್ನಾಗಿ ಮಾಡಿತು. ಎಷ್ಟೋ ಕ್ರಯಪತ್ರಗಳಲ್ಲಿ ಈ ಮನೆಯನ್ನು ಕಪ್ಪು ಜನರಿಗೆ ಮಾರಕೂಡದು ಎಂಬ ಷರತ್ತು ಇರುತ್ತಿತ್ತು. ಅಂಥ ಷರತ್ತನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1948ರಲ್ಲಿ ಹೇಳಿತು. ಮನೆಯ ಮಾರಾಟದಲ್ಲೂ ಬಾಡಿಗೆಯಲ್ಲೂ ಜನಾಂಗಭೇದ ಮಾಡುವುದನ್ನು ನಿಷೇಧಿಸುವ ಕಾನೂನು ಬಂದದ್ದು 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದ ಒಂದು ವಾರಕ್ಕೆ.

ಕಾನೂನು ಬಂದರೂ ಬೆಲೆ ಬದಲಾಗಲಿಲ್ಲ. ನಲವತ್ತರ ದಶಕದಲ್ಲಿ ಕಡಿಮೆ ಬಡ್ಡಿಗೆ ಸಾಲ ಪಡೆದು ಮನೆ ಕಟ್ಟಿದವರ ಮಕ್ಕಳಿಗೆ ಕಾಲೇಜಿನ ಖರ್ಚಿಗೆ ಅಡವಿಡಲು ಒಂದು ಮನೆ ಇತ್ತು. ಕೆಂಪು ಗೆರೆಯೊಳಗಿದ್ದವರ ಮಕ್ಕಳಿಗೆ ಬಾಡಿಗೆ ರಸೀದಿಗಳು ಮಾತ್ರ ಉಳಿದವು. ಇಂದಿಗೂ ಅಲ್ಲಿ ಬಿಳಿಯರ ನೂರು ಕುಟುಂಬಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಸ್ವಂತ ಮನೆಯಲ್ಲಿದ್ದರೆ, ಕಪ್ಪು ಜನರಲ್ಲಿ ಆ ಸಂಖ್ಯೆ ಸುಮಾರು 45. ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಬಿಸಿಲಿನ ಲೆಕ್ಕ. 108 ನಗರಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಿಂದೆ ಕೆಂಪು ಬಳಿದಿದ್ದ ಬಡಾವಣೆಗಳ ನೆಲ ಉಳಿದ ಕಡೆಗಿಂತ ಸರಾಸರಿ 2.6 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾಯುತ್ತದೆ. ಹಣ ಹೋಗದ ಕಡೆಗೆ ಮರಗಳೂ ಹೋಗಲಿಲ್ಲ.

ಜನಾಂಗಭೇದವೂ ಜಾತಿಭೇದವೂ ಒಂದೇ ಎಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿ ನಕ್ಷೆಗೆ ಬಣ್ಣ ಬಳಿಯುವ ಅಗತ್ಯವೇ ಇರಲಿಲ್ಲ. ಅಗ್ರಹಾರ, ಕೇರಿ ಎಂಬ ಎರಡು ಪದಗಳೇ ಆ ಕೆಲಸವನ್ನು ಮಾಡಿಕೊಂಡು ಬಂದಿವೆ. ಮೈಸೂರಿನ ಇಂದಿನ ಅಶೋಕಪುರಂ ಒಂದು ಕಾಲಕ್ಕೆ ಆದಿಕರ್ನಾಟಕಪುರವಾಗಿತ್ತು, ಅಂದರೆ ಅಲ್ಲಿ ವಾಸಿಸುವವರ ಜಾತಿಯೇ ವಿಳಾಸವಾಗಿತ್ತು. ಹಳೆಯ ಕ್ರಯಪತ್ರಗಳಲ್ಲಿ ಬರೆದುಕೊಟ್ಟವರ ಮತ್ತು ಬರೆಸಿಕೊಂಡವರ ಜಾತಿಯನ್ನೂ ನಮೂದಿಸುತ್ತಿದ್ದರು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು, 1955ರಲ್ಲಿ ಅದಕ್ಕೆ ಶಿಕ್ಷೆ ವಿಧಿಸುವ ಕಾಯ್ದೆಯೂ ಬಂತು. ಆದರೆ ಪತ್ರ ಪತ್ರದಿಂದ ನಕಲಾಗುತ್ತ ಬಂದ ಚಕ್ಕುಬಂದಿಯಲ್ಲಿ ‘ಉತ್ತರಕ್ಕೆ ಹೊಲಗೇರಿ ಓಣಿ’ ಎಂಬ ಸಾಲನ್ನು ನಾನು ಈಗಲೂ ಓದುತ್ತೇನೆ.

ಮಂಡ್ಯದ ಹತ್ತಿರದ ಹಳ್ಳಿಯೊಂದರಲ್ಲಿ ಸರ್ಕಾರಿ ನೌಕರಿಯಲ್ಲಿರುವ ಯುವಕರೊಬ್ಬರು ಹಳೆಯ ಹೆಂಚಿನ ಮನೆಯನ್ನು ಕೆಡವಿ, ಆರ್‌ಸಿಸಿ ಮನೆ ಕಟ್ಟಿಸಲು ಆರಂಭಿಸಿದ್ದರು. ಅಡಿಪಾಯಕ್ಕೆ ಸೈಜುಗಲ್ಲು, ಹನ್ನೆರಡು ಎಂಎಂ ಕಂಬಿ, ಎಲ್ಲವೂ ಅಚ್ಚುಕಟ್ಟು. ಅವರ ತಾಯಿ ತೆಂಗಿನಮರದ ನೆರಳಿಗೆ ಕುರ್ಚಿ ಹಾಕಿಸಿ, “ಒಳ್ಳೆ ರೇಟು ಬರೀರಿ ಸ್ವಾಮಿ” ಎಂದರು. ಬೆಲೆ ಕಟ್ಟುವ ಕ್ರಮವೆಂದರೆ, ಆಸುಪಾಸಿನಲ್ಲಿ ಈಚೆಗೆ ನೋಂದಣಿಯಾದ ಎರಡು ಮೂರು ಕ್ರಯಗಳೊಂದಿಗೆ ಹೋಲಿಸಿ ನೋಡುವುದು. ಊರೊಳಗಿನ ಬೀದಿಯಲ್ಲಿ ಅಂಥ ಕ್ರಯಗಳು ಬೇಕಾದಷ್ಟಿದ್ದವು. ಅಲ್ಲಿಂದ ನೂರೈವತ್ತು ಹೆಜ್ಜೆ ದೂರದಲ್ಲಿ, ಈ ಮನೆಯಿದ್ದ ಕೇರಿಯಲ್ಲಿ ಒಂದೂ ಇರಲಿಲ್ಲ. ಹೊರಗಿನವರು ಅಲ್ಲಿ ಕೊಳ್ಳುವುದಿಲ್ಲ, ಕೊಳ್ಳುವವರಿಲ್ಲದ ಕಾರಣ ಬೆಲೆ ಇಲ್ಲ, ಬೆಲೆ ಇಲ್ಲದ್ದರಿಂದ ಸಾಲ ಕಡಿಮೆ, ಸಾಲ ಕಡಿಮೆಯಾದ್ದರಿಂದ ಮನೆಗಳು ಅರ್ಧಕ್ಕೆ ನಿಲ್ಲುತ್ತವೆ, ಅರ್ಧಕ್ಕೆ ನಿಂತ ಮನೆಗಳನ್ನು ಕಂಡು ನನ್ನಂಥವನು ‘ಬಡ’ ಎಂದು ಬರೆಯುತ್ತಾನೆ. ಇಷ್ಟೆಲ್ಲ ನಡೆಯುವುದಕ್ಕೆ ಯಾರ ಮನಸ್ಸಿನಲ್ಲೂ ದ್ವೇಷವಿರಬೇಕಾಗಿಲ್ಲ ಎಂಬುದೇ ನನಗೆ ಕಳವಳದ ಸಂಗತಿ.

ಮನೋಭಾವವೂ ಇಲ್ಲಿಯೇ ಬಲಗೊಳ್ಳುತ್ತದೆ. ಮೈಸೂರಿನಲ್ಲಿ ಸೈಟು ಹುಡುಕುವವರು ಅಳತೆ ಕೇಳಿದ ಮೇಲೆ ದನಿ ತಗ್ಗಿಸಿ, “ಅಕ್ಕಪಕ್ಕ ಯಾವ ಜನ ಸಾರ್?” ಎನ್ನುತ್ತಾರೆ. ಏಕೆಂದು ಕೇಳಿದರೆ, “ನನಗೇನೂ ಭೇದಭಾವ ಇಲ್ಲ, ನಾಳೆ ಮಾರುವಾಗ ರೇಟು ಬರಬೇಕಲ್ಲ” ಎಂಬ ಉತ್ತರ ಬರುತ್ತದೆ. ಅವರು ಸುಳ್ಳಾಡುತ್ತಿಲ್ಲ. ಅಜ್ಜನ ಕಾಲದಲ್ಲಿ ಮೈಲಿಗೆ ಎನಿಸಿಕೊಂಡದ್ದು ಮೊಮ್ಮಗನ ಕಾಲಕ್ಕೆ ಮಾರ್ಕೆಟ್ ರೇಟು ಎನಿಸಿಕೊಂಡಿದೆ, ಮತ್ತು ರೇಟಿನ ಮಾತನ್ನು ಯಾರೂ ತಪ್ಪೆನ್ನುವುದಿಲ್ಲ.

ಮಂಡ್ಯದ ಹತ್ತಿರದ ಆ ಯುವಕರ ಮನೆಯ ವರದಿಯ ಕಾಲಂನಲ್ಲಿ ನಾನು ಮೂರು ಪದಗಳಲ್ಲಿ ಯಾವುದನ್ನೂ ಬರೆಯದೆ, ರಸ್ತೆಯ ಅಗಲ, ನಲ್ಲಿ, ಚರಂಡಿ, ಶಾಲೆಗೂ ಬಸ್ ನಿಲ್ದಾಣಕ್ಕೂ ಇರುವ ದೂರ ಇಷ್ಟನ್ನು ಅಳೆದು ಬರೆದೆ. ಊರೊಳಗಿನ ಕ್ರಯಗಳನ್ನೇ ಹೋಲಿಕೆಗೆ ಇಟ್ಟೆ, ಏಕೆ ಇಟ್ಟೆನೆಂದು ಒಂದು ಪುಟ ವಿವರಣೆ ಸೇರಿಸಿದೆ. ಕಾಲಂ ಭರ್ತಿಯಾಗಿಲ್ಲ ಎಂಬ ಷರಾದೊಂದಿಗೆ ವರದಿ ವಾಪಸು ಬಂತು. ‘ಮಧ್ಯಮ’ ಎಂದು ಬರೆದು, ಫೋಟೊಗಳನ್ನು ಲಗತ್ತಿಸಿ, ಮತ್ತೆ ಕಳುಹಿಸಿದೆ. ಕೇಳಿದ ಸಾಲದಲ್ಲಿ ಮುಕ್ಕಾಲು ಭಾಗ ಮಂಜೂರಾಯಿತು. ಉಳಿದ ಹಣಕ್ಕೆ ಆ ತಾಯಿ ತಮ್ಮ ಓಲೆಯನ್ನು ಗಿರವಿ ಇಟ್ಟರೆಂದು ಆಮೇಲೆ ತಿಳಿಯಿತು.