ಜಿಬಿಎಸ್ ಇದ್ದರೆ ಔಷಧ ಹೆರಿಗೆಯ ವೇಳೆಗೇ ಏಕೆ?

ಪ್ರಶ್ನೆ: ಮಗಳು ಚೊಚ್ಚಲ ಹೆರಿಗೆಗೆಂದು ಬದಿಯಡ್ಕದ ನಮ್ಮ ಮನೆಗೆ ಬಂದಿದ್ದಾಳೆ. ಮಂಗಳೂರಿನಲ್ಲಿ 36ನೆಯ ವಾರ ಮಾಡಿಸಿದ ಸ್ವಾಬ್ ಪರೀಕ್ಷೆಯಲ್ಲಿ ಜಿಬಿಎಸ್ ಎಂಬ ಬ್ಯಾಕ್ಟೀರಿಯಾ ಇದೆಯೆಂದು ಬಂದಿದೆ. ನೋವು ಬಂದ ಮೇಲೆಯೇ ಔಷಧ ಎನ್ನುತ್ತಾರೆ ವೈದ್ಯರು. ಈಗಲೇ ಮಾತ್ರೆ ಕೊಟ್ಟರಾಗದೇ?

ಉತ್ತರ: ವೈದ್ಯರು ಹೇಳಿದ್ದು ಸರಿಯಾಗಿದೆ. ಜಿಬಿಎಸ್, ಅಂದರೆ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಎಂಬ ಈ ಬ್ಯಾಕ್ಟೀರಿಯಾ, ಕರುಳಿನಲ್ಲಿ ನೆಲೆಸಿ ಅಲ್ಲಿಂದ ಯೋನಿಗೂ ಹರಡುವಂಥದ್ದು. ಇದು ಲೈಂಗಿಕ ರೋಗವಲ್ಲ, ಶುಚಿತ್ವದ ಕೊರತೆಯಿಂದ ಬಂದುದೂ ಅಲ್ಲ, ಆದ್ದರಿಂದ ಮಗಳು ಸಂಕೋಚಪಡಬೇಕಾದ ಕಾರಣವೇ ಇಲ್ಲ. ಈಗ ಮಾತ್ರೆ ನುಂಗಿದರೆ ಬ್ಯಾಕ್ಟೀರಿಯಾ ಕೆಲವು ದಿನ ಕಡಿಮೆಯಾದರೂ ಕರುಳಿನಿಂದ ಮತ್ತೆ ಹರಡಿ, ಹೆರಿಗೆಯ ವೇಳೆಗೆ ಮೊದಲಿನ ಸ್ಥಿತಿಗೇ ಬರಬಹುದು. ಮಗುವಿಗೆ ಸೋಂಕು ತಗಲುವುದು ಹೆಚ್ಚಾಗಿ ನೀರು ಒಡೆದ ಅನಂತರ ಮತ್ತು ಹೆರಿಗೆಯ ಹಾದಿಯಲ್ಲಿ. ಆ ಹೊತ್ತಿಗೆ ತಾಯಿಯ ರಕ್ತನಾಳಕ್ಕೆ ಕೊಟ್ಟ ಪೆನಿಸಿಲಿನ್ ಅಥವಾ ಆಂಪಿಸಿಲಿನ್ ಮಾಸುವಿನ ಮೂಲಕ ಮಗುವಿನ ರಕ್ತವನ್ನೂ ಸೇರಿ, ನಂಜು, ನ್ಯುಮೋನಿಯಾ, ಮಿದುಳುಪೊರೆಯ ಉರಿಯೂತಗಳಿಂದ ಅದನ್ನು ಕಾಪಾಡುತ್ತದೆ. ಮೊದಲ ಡೋಸ್ ಹೆರಿಗೆಗೆ ಕನಿಷ್ಠ 4 ಗಂಟೆ ಮುಂಚೆ ಸಿಕ್ಕರೆ ರಕ್ಷಣೆ ಉತ್ತಮ.

ನಿಮ್ಮ ಊರಿನವರಿಗೆ ಈ 4 ಗಂಟೆಯ ಲೆಕ್ಕವೇ ಮುಖ್ಯ. ತಲಪಾಡಿ ದಾಟಿ ಮಂಗಳೂರು ಸೇರಲು ಹಿಡಿಯುವ ಸಮಯವನ್ನು ನೆನಪಿಟ್ಟು, ನೀರು ಒಡೆದರೆ ನೋವಿಗಾಗಿ ಕಾಯದೆ ತಕ್ಷಣ ಹೊರಡಿ. ರಾತ್ರಿ ಕಾಸರಗೋಡಿನಲ್ಲೇ ದಾಖಲಾಗಬೇಕಾಗಿ ಬಂದರೆ ಅಲ್ಲಿನವರಿಗೆ ಮಂಗಳೂರಿನ ಫಲಿತಾಂಶ ತಿಳಿದಿರುವುದಿಲ್ಲ; ಪರೀಕ್ಷಾ ವರದಿಯ ಪ್ರತಿಯನ್ನು ತಾಯಿ ಕಾರ್ಡಿನೊಂದಿಗೇ ಇಟ್ಟು, ಹೆರಿಗೆ ಕೋಣೆಯಲ್ಲಿ ಮೊದಲು ಅದನ್ನೇ ತೋರಿಸಿ. ಪೆನಿಸಿಲಿನ್ ಅಲರ್ಜಿ ಇದ್ದರೆ ಈಗಲೇ ವೈದ್ಯರಿಗೆ ತಿಳಿಸಿ, ಬದಲಿ ಔಷಧವನ್ನು ಬರೆಸಿಕೊಳ್ಳಿ. ನೋವು ಆರಂಭವಾಗುವ, ನೀರು ಒಡೆಯುವ ಮೊದಲೇ ಸಿಸೇರಿಯನ್ ಆದರೆ ಜಿಬಿಎಸ್‌ಗೆಂದು ಈ ಔಷಧ ಬೇಕಿಲ್ಲ.

ನಮ್ಮಲ್ಲಿ ಈ ಪರೀಕ್ಷೆಯನ್ನು ಎಲ್ಲ ಆಸ್ಪತ್ರೆಗಳೂ ಮಾಡುವುದಿಲ್ಲ. ಪರೀಕ್ಷೆ ಆಗದಿರುವವರಿಗೆ 37 ವಾರಕ್ಕೂ ಮುಂಚೆ ಹೆರಿಗೆ, ನೀರು ಒಡೆದು 18 ಗಂಟೆ ಕಳೆದಿರುವುದು, ಹೆರಿಗೆಯ ವೇಳೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿನ ಜ್ವರ ಇವುಗಳನ್ನು ನೋಡಿ ಔಷಧ ಕೊಡುತ್ತಾರೆ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು: ಈ ಚಿಕಿತ್ಸೆ ತಡೆಯುವುದು ಮೊದಲ ವಾರದ ಕಾಯಿಲೆಯನ್ನು ಮಾತ್ರ. ಅನಂತರವೂ ಸುಮಾರು ಮೂರು ತಿಂಗಳವರೆಗೆ ಸೋಂಕು ಬರಬಹುದಾದ ಕಾರಣ, ಮಗು ಹಾಲು ಕುಡಿಯದಿದ್ದರೆ, ನರಳಿದರೆ, ವೇಗವಾಗಿ ಉಸಿರಾಡಿದರೆ, ಎಬ್ಬಿಸಿದರೂ ಮಂಕಾಗಿದ್ದರೆ, ಮೈ ಬಿಸಿಯೋ ತಣ್ಣಗೋ ಆದರೆ, ದೃಷ್ಟಿ ತಾಗಿರಬಹುದೆಂದು ಬೆಳಗಿನವರೆಗೆ ಕಾಯದೆ ಮಕ್ಕಳ ವೈದ್ಯರಿರುವ ಆಸ್ಪತ್ರೆಗೆ ಕರೆದೊಯ್ಯಿರಿ.