ಒಂದು ಮತದ ಸೋಲು, 19 ವರ್ಷದ ಮೇಲಿನ ಗೆಲುವು: ಚುನಾವಣೆಯಲ್ಲಿ ಪಟ್ಟು ಅಂದ್ರೆ ಏನು?

ರಾಜ್ಯಶಾಸ್ತ್ರ ಓದ್ತಿರೋ ಗೆಳೆಯರಿಗೆ ಈ ಟಿಪ್ಪಣಿ. "ಚುನಾವಣಾ ಗೆಲುವಿನಲ್ಲಿ ಛಲ ಮತ್ತು ಬದ್ಧತೆಯ ಪಾತ್ರ" ಅನ್ನೋ ಪ್ರಶ್ನೆಗೆ ನಾವೆಲ್ಲ ಸಾಮಾನ್ಯವಾಗಿ ಏನು ಬರೆಯುತ್ತೇವೆ? ಸೋತರೂ ಕುಗ್ಗದೆ ಮತ್ತೆ ನಿಂತರೆ ಜಯ ಖಚಿತ, ಅಷ್ಟೇ. ಇದು ಪೂರ್ತಿ ನಿಜ ಅಲ್ಲ. ಮತ್ತೆ ಮತ್ತೆ ನಿಲ್ಲೋದೇ ಛಲ ಆಗಿದ್ದರೆ, 86 ಚುನಾವಣೆಗಳಲ್ಲಿ ಸ್ಪರ್ಧಿಸಿದ ನಮ್ಮ ಹೊಟ್ಟೆಪಕ್ಷದ ರಂಗಸ್ವಾಮಿ ಕರ್ನಾಟಕದ ಮುಖ್ಯಮಂತ್ರಿ ಆಗಬೇಕಿತ್ತು ಅಲ್ವಾ?

ಹಾಗಾಗಿ ಒಂದು ನಿಜವಾದ ಕ್ಷೇತ್ರವನ್ನೇ ಹಿಡಿದು ನೋಡೋಣ. ನಾನು ಆರಿಸಿಕೊಂಡಿದ್ದು ಚಾಮರಾಜನಗರ ಜಿಲ್ಲೆ.

2004ರ ವಿಧಾನಸಭೆ ಚುನಾವಣೆ, ಸಂತೇಮರಹಳ್ಳಿ ಮೀಸಲು ಕ್ಷೇತ್ರ. ಕಾಂಗ್ರೆಸ್‌ನ ಆರ್. ಧ್ರುವನಾರಾಯಣ ಅವರಿಗೆ 40,752 ಮತ. ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಮತದ ಅಂತರ. ಸಮ ಬಂದಿದ್ದರೆ ಕಾನೂನಿನ ಪ್ರಕಾರ ಚೀಟಿ ಎತ್ತಬೇಕಿತ್ತು, ಅದಕ್ಕೂ ಅವಕಾಶ ಸಿಗಲಿಲ್ಲ. ಕೃಷ್ಣಮೂರ್ತಿಯವರ ಕಾರಿನ ಚಾಲಕನೇ ಅವತ್ತು ಮತ ಹಾಕೋಕೆ ಆಗಲಿಲ್ಲ ಅಂತ ಸುದ್ದಿಯಾಗಿತ್ತು. ಎಲ್ಲರೂ ನೆನಪಿಟ್ಟುಕೊಳ್ಳೋದು ಈ ಚಾಲಕನ ಕಥೆಯನ್ನೇ. ನನಗೆ ಮಾತ್ರ ಗೆದ್ದವರ ಕಥೆ ಜಾಸ್ತಿ ಮುಖ್ಯ ಅನ್ನಿಸುತ್ತದೆ. ಧ್ರುವನಾರಾಯಣ 1999ರಲ್ಲಿ ಇದೇ ಸಂತೇಮರಹಳ್ಳಿಯಲ್ಲಿ ಬಿಜೆಪಿಯಿಂದ ನಿಂತು ಸೋತಿದ್ದವರು. ಸೋತ ಊರು ಬಿಟ್ಟು ಬೇರೆ ಕಡೆ ಹೋಗಲಿಲ್ಲ. ಆ ಐದು ವರ್ಷದಲ್ಲಿ ಮದುವೆ, ಸಾವು, ಜಾತ್ರೆ ಅಂತ ಓಡಾಡಿ ಪರಿಚಯ ಮಾಡಿಕೊಂಡ ಯಾವುದೋ ಒಂದು ಮನೆಯ ಒಂದು ಮತ ಸಾಕಾಯಿತು ಅಂತ ಹೇಳಿದರೆ ಅದು ನನ್ನ ಊಹೆ, ಆದರೆ ಲೆಕ್ಕ ಹಾಗೇ ಹೇಳುತ್ತದೆ.

ಇಲ್ಲಿಂದ ಮುಂದೆ ಇನ್ನೂ ಸ್ವಾರಸ್ಯ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರವೇ ಇಲ್ಲವಾಯಿತು, ಯಳಂದೂರು ಕಡೆಯ ಊರುಗಳು ಕೊಳ್ಳೇಗಾಲಕ್ಕೆ ಸೇರಿದವು. ಆ ಕೊಳ್ಳೇಗಾಲದಲ್ಲಿ ಬಿಎಸ್‌ಪಿಯ (ಬಹುಜನ ಸಮಾಜ ಪಕ್ಷ) ಎನ್. ಮಹೇಶ್ ಸೋಲುತ್ತಲೇ ಇದ್ದರು. ಸರ್ಕಾರಿ ಅಧಿಕಾರಿಯ ಕೆಲಸ ಬಿಟ್ಟು ಬಂದವರು. 2013ರಲ್ಲಿ ಎರಡನೇ ಸ್ಥಾನ. 2018ರಲ್ಲಿ 71,792 ಮತ ಪಡೆದು ಗೆದ್ದರು. ಅಂತರ 19,454. ಸೋತವರು ಯಾರು ಗೊತ್ತಾ? ಅದೇ ಎ.ಆರ್. ಕೃಷ್ಣಮೂರ್ತಿ, ಈ ಸಲ ಕಾಂಗ್ರೆಸ್ ಟಿಕೆಟ್‌ನಲ್ಲಿ.

ಮಹೇಶ್ ಅವರ ಗೆಲುವಿನ ಹಿಂದೆ ಬಿಎಸ್‌ಪಿಯ ಹಳೇ ಲೆಕ್ಕವೊಂದಿದೆ, ಪರೀಕ್ಷೆಗೆ ಇದು ಬೇಕಾಗುತ್ತದೆ. ಕಾನ್ಶಿರಾಮ್ 1984ರಲ್ಲಿ ಪಕ್ಷ ಕಟ್ಟಿದಾಗ ಹೇಳುತ್ತಿದ್ದ ಮಾತು ಅಂತ ಪ್ರಸಿದ್ಧಿ: ಮೊದಲ ಚುನಾವಣೆ ಸೋಲೋಕೆ, ಎರಡನೆಯದು ಸೋಲಿಸೋಕೆ, ಮೂರನೆಯದು ಗೆಲ್ಲೋಕೆ. ಸೋಲನ್ನು ಮೊದಲೇ ಲೆಕ್ಕಕ್ಕೆ ಹಿಡಿದಿದ್ದಾರೆ ನೋಡಿ. ಮೊದಲ ಸಲ ನಿಂತಾಗ ನಮ್ಮ ಮತ ಎಲ್ಲಿದೆ ಅಂತ ಗೊತ್ತಾಗುತ್ತದೆ. ಎರಡನೇ ಸಲ ನಮ್ಮನ್ನು ಬಿಟ್ಟು ಯಾರೂ ಗೆಲ್ಲೋಕಾಗಲ್ಲ ಅಂತ ಬೇರೆಯವರಿಗೆ ಗೊತ್ತಾಗುತ್ತದೆ, ಆಗ ಅವರೇ ಮೈತ್ರಿಗೆ ಬರುತ್ತಾರೆ. ಮಾಯಾವತಿ 1984ರಲ್ಲಿ ಕೈರಾನಾ, 1985ರಲ್ಲಿ ಬಿಜ್ನೋರ್ ಉಪಚುನಾವಣೆ, 1987ರಲ್ಲಿ ಹರಿದ್ವಾರ ಉಪಚುನಾವಣೆ, ಮೂರೂ ಸೋತು 1989ರಲ್ಲಿ ಬಿಜ್ನೋರ್‌ನಿಂದ ಲೋಕಸಭೆಗೆ ಹೋದರು. ಅದೇ ವರ್ಷ ಉತ್ತರ ಪ್ರದೇಶ ವಿಧಾನಸಭೆಯಲ್ಲಿ ಪಕ್ಷಕ್ಕೆ 13 ಸ್ಥಾನ, 2007ರಲ್ಲಿ 403ಕ್ಕೆ 206. ಕೊಳ್ಳೇಗಾಲದಲ್ಲೂ 2018ರಲ್ಲಿ ಜೆಡಿಎಸ್ ಜೊತೆ ಮೈತ್ರಿ ಇತ್ತು. ಆದರೆ ಅದೇ ಮೈತ್ರಿ ಇದ್ದರೂ ರಾಜ್ಯದಲ್ಲಿ ಬಿಎಸ್‌ಪಿ ಗೆದ್ದಿದ್ದು ಇದೊಂದೇ ಕ್ಷೇತ್ರ. ಯಾಕೆ? ಮೈತ್ರಿ ಸಿಗೋ ಹೊತ್ತಿಗೆ ಇಲ್ಲಿ ಬೂತ್ ಬೂತಲ್ಲೂ ಸ್ವಂತ ಜನ ಇದ್ದರು.

ಬೂತ್ ಅಂದೆ, ಸ್ವಲ್ಪ ಹತ್ತಿರದಿಂದ ನೋಡಿ. ಎಣಿಕೆ ಮುಗಿದ ಮೇಲೆ ಫಾರಂ 20 ಅಂತ ಒಂದು ಪಟ್ಟಿ ಬರುತ್ತದೆ. ಅಡ್ಡಕ್ಕೆ ಅಭ್ಯರ್ಥಿಗಳು, ಉದ್ದಕ್ಕೆ ಮತಗಟ್ಟೆಗಳು, ಪ್ರತಿ ಚೌಕದಲ್ಲಿ ಒಂದು ಅಂಕಿ. ಸುಮ್ನೆ ನಿಲ್ಲೋ ಅಭ್ಯರ್ಥಿ ಕೊನೇ ಸಾಲಿನ ಒಟ್ಟು ಮೊತ್ತ ನೋಡಿ, ಠೇವಣಿ ಉಳೀತೋ ಹೋಯ್ತೋ ಅಂತ ತಿಳಿದು ಮನೆಗೆ ಹೋಗುತ್ತಾನೆ. (ಚಲಾವಣೆಯಾದ ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬರದಿದ್ದರೆ ಠೇವಣಿ ಹೋಗುತ್ತದೆ, ಇದನ್ನ ಕೇಳ್ತಾನೇ ಇರ್ತಾರೆ.) ಪಟ್ಟು ಹಿಡಿದವನು ಒಳಗಿನ ಚೌಕಗಳನ್ನು ಓದುತ್ತಾನೆ. ಈ ಊರಲ್ಲಿ 200 ಬಂದಿದೆ, ಪಕ್ಕದೂರಲ್ಲಿ 11 ಯಾಕೆ? ಅಲ್ಲಿ ನಮ್ಮ ಏಜೆಂಟ್ ಸಂಜೆವರೆಗೂ ಕೂತಿದ್ದನಾ, ಮಧ್ಯಾಹ್ನ ಊಟಕ್ಕೆ ಅಂತ ಎದ್ದವನು ವಾಪಸ್ ಬಂದನಾ? ಮುಂದಿನ ಐದು ವರ್ಷದ ಕೆಲಸ ಆ 11ರ ಊರಲ್ಲಿರುತ್ತದೆ. ಟೀವಿಯವರು ಇದನ್ನು ತೋರಿಸೋದಿಲ್ಲ, ನೋಡೋಕೂ ಬೋರು.

ಇನ್ನು ಬದ್ಧತೆ. ಇಲ್ಲಿ ಕಥೆ ತಿರುಗುತ್ತದೆ. ಮಹೇಶ್ 2018ರಲ್ಲಿ ಜೆಡಿಎಸ್-ಕಾಂಗ್ರೆಸ್ ಸರ್ಕಾರದಲ್ಲಿ ಸಚಿವರಾದರು, ಕೆಲವೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರು. 2019ರ ಜುಲೈನಲ್ಲಿ ವಿಶ್ವಾಸಮತದ ದಿನ ಸದನಕ್ಕೆ ಬರಲಿಲ್ಲ, ಬಿಎಸ್‌ಪಿ ಉಚ್ಚಾಟಿಸಿತು, 2021ರಲ್ಲಿ ಬಿಜೆಪಿ ಸೇರಿದರು. 2023ರಲ್ಲಿ ಅದೇ ಕ್ಷೇತ್ರ, ಅದೇ ಎದುರಾಳಿ. ಕೃಷ್ಣಮೂರ್ತಿ ಅವರಿಗೆ 1,08,363, ಮಹೇಶ್ ಅವರಿಗೆ 48,844. ಒಂದು ಮತದಿಂದ ಸೋತಿದ್ದವರು 59,519 ಮತಗಳಿಂದ ಗೆದ್ದರು.

"ನೋಡಿದ್ರಾ, ಪಕ್ಷ ಬಿಟ್ಟವರು ಸೋಲುತ್ತಾರೆ" ಅಂತ ಬರೆದುಬಿಡಬೇಡಿ, ತಪ್ಪಾಗುತ್ತದೆ. ಕೃಷ್ಣಮೂರ್ತಿಯವರೂ ಜೆಡಿಎಸ್, ಬಿಜೆಪಿ ದಾಟಿ ಕಾಂಗ್ರೆಸ್‌ಗೆ ಬಂದವರೇ. ಧ್ರುವನಾರಾಯಣ ಬಿಜೆಪಿಯಿಂದ ಬಂದವರು. ಅವರಿಬ್ಬರನ್ನೂ ಜನ ಒಪ್ಪಿಕೊಂಡರು. ನನ್ನ ಓದು ಏನಂದ್ರೆ, ಮಹೇಶ್ ಅವರ ಮತ ಒಂದು ವಿಚಾರದ ಸುತ್ತ ಕಟ್ಟಿದ ಮತ. ಕೈಯಿಂದ ಖರ್ಚು ಮಾಡಿ, ಗೋಡೆಗೆ ಪಕ್ಷದ ಗುರುತಾದ ಆನೆ ಬರೆದು, ಸೋಲಿನಲ್ಲೂ ಜೊತೆಗಿದ್ದ ಕಾರ್ಯಕರ್ತರ ಮತ. ಅಂಥವರು ವ್ಯಕ್ತಿಯ ಹಿಂದೆ ಇನ್ನೊಂದು ಪಕ್ಷಕ್ಕೆ ಸುಲಭವಾಗಿ ಹೋಗೋದಿಲ್ಲ. 2023ರಲ್ಲಿ ರಾಜ್ಯವಿಡೀ ಕಾಂಗ್ರೆಸ್ ಪರ ಗಾಳಿ ಬೀಸಿತ್ತು ಅನ್ನೋದನ್ನೂ ಸೇರಿಸಿ ಬರೆಯಿರಿ, ಇಲ್ಲದಿದ್ದರೆ ಉತ್ತರ ಒಂದು ಕಡೆ ವಾಲುತ್ತದೆ.

ಇನ್ನೊಂದು ಅಂಕಿ ಬರೆದಿಟ್ಟುಕೊಳ್ಳಿ. ಒಂದು ಮತದಿಂದ ಗೆದ್ದಿದ್ದ ಧ್ರುವನಾರಾಯಣ ಎರಡು ಸಲ ಚಾಮರಾಜನಗರದ ಸಂಸದರಾಗಿ, 2019ರಲ್ಲಿ ಬಿಜೆಪಿಯ ವಿ. ಶ್ರೀನಿವಾಸ ಪ್ರಸಾದ್ ಎದುರು 1,817 ಮತಗಳಿಂದ ಸೋತರು. ಆ ಲೋಕಸಭಾ ಕ್ಷೇತ್ರದೊಳಗಿನ ಎಂಟು ವಿಧಾನಸಭಾ ಕ್ಷೇತ್ರಕ್ಕೆ ಹಂಚಿದರೆ ತಲಾ 230 ಮತವೂ ಆಗೋದಿಲ್ಲ. ಫಾರಂ 20 ಚುನಾವಣಾಧಿಕಾರಿಗಳ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ನಿಮ್ಮೂರಿನ ಬೂತಿನ ಸಾಲು ಹುಡುಕಿ, ಎರಡು ಚುನಾವಣೆಯದ್ದು ಪಕ್ಕ ಪಕ್ಕ ಇಟ್ಟು, ಎಲ್ಲಿ ಅಂಕಿ ಬದಲಾಗಿದೆ ಅಂತ ಗುರುತು ಹಾಕಿ. ಆಮೇಲೆ ಆ ಬೀದಿಯವರನ್ನೇ ಕೇಳಿ ಯಾಕೆ ಅಂತ.