ಪಾಟೀ ಸವಾಲಿನ ದಿನ ಎದ್ದು ನಿಲ್ಲುವವರು ಯಾರು?

ಹೋದ ತಿಂಗಳು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ನನ್ನ ಆಫೀಸಿಗೆ ಬಂದರು. ಕೂರುವ ಮೊದಲೇ ಗೋಡೆ ನೋಡಿದರು. ನನ್ನ ಗೋಡೆಯ ಮೇಲೆ ಒಂದು ಕ್ಯಾಲೆಂಡರ್, ತೀರಿಕೊಂಡ ನಮ್ಮ ಸೀನಿಯರ್ ಫೋಟೋ, 26 ವರ್ಷ ಹಳೆಯ ಸನ್ನದು (ವಕೀಲಿಕೆಯ ಪರವಾನಗಿ), ಇಷ್ಟೇ ಇರೋದು. ಆಮೇಲೆ ಶುರುವಾಯಿತು ಇಂಟರ್‌ವ್ಯೂ. ಎಲ್ಲಿ ಓದಿದ್ದು? ಹೈಕೋರ್ಟಲ್ಲಿ ಪ್ರಾಕ್ಟೀಸ್ ಮಾಡಿದ್ದೀರಾ? ಇಲ್ಲಿತನಕ ಎಷ್ಟು ಕೇಸ್ ಗೆದ್ದಿದ್ದೀರಿ?

ಕೇಳಲಿ, ತಪ್ಪೇನಿಲ್ಲ. ಹಸು ಕೊಳ್ಳುವಾಗಲೂ ಹಲ್ಲು ನೋಡುತ್ತೇವೆ. ಆದರೆ ಇಷ್ಟು ವರ್ಷದಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ಕೇಳಿದ ಕಕ್ಷಿದಾರರನ್ನು ನಾನು ಬೆರಳಲ್ಲಿ ಎಣಿಸಬಹುದು. 'ಸಾರ್, ಸಾಕ್ಷಿಗೆ ಪಾಟೀ ಸವಾಲು ನೀವೇ ಮಾಡ್ತೀರಾ, ಬೇರೆಯವರನ್ನ ಕಳಿಸ್ತೀರಾ?' ಅಂತ. ಪಾಟೀ ಸವಾಲು ಅಂದರೆ ಎದುರಿನವರ ಸಾಕ್ಷಿ ಹೇಳಿದ್ದನ್ನು ನಮ್ಮ ಕಡೆಯ ವಕೀಲರು ಪ್ರಶ್ನೆ ಕೇಳಿ ಪರೀಕ್ಷಿಸುವುದು.

ಇವರು ಬಂದಿದ್ದು ಯಾಕೆ ಅಂತ ಹೇಳಿದರೆ ನನ್ನ ಸಿಟ್ಟು ನಿಮಗೂ ಅರ್ಥವಾದೀತು. (ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.) ಅಪ್ಪ ತೀರಿಕೊಂಡ ಮೇಲೆ ಅಣ್ಣ ಒಂದು ಉಯಿಲು ತೋರಿಸಿದ. ತೋಟವೆಲ್ಲ ಅಣ್ಣನಿಗೆ, ಇವರಿಗೆ ಹಳೆಯ ಮನೆಯ ಎರಡು ಕೋಣೆ. ಇವರು ಪಾಲಿಗೆ ದಾವೆ ಹಾಕಿದರು. ಊರಿನ ವಕೀಲರು ಬೇಡ ಅಂತ ಬೆಂಗಳೂರಿನಿಂದ ದೊಡ್ಡ ಹೆಸರಿನವರನ್ನು ಹಿಡಿದರು. ಆ ದೊಡ್ಡವರು ನಿಜಕ್ಕೂ ದೊಡ್ಡವರೇ, ಅವರ ವಾದ ಕೇಳಲು ನಾನೂ ಹಿಂದಿನ ಬೆಂಚಿನಲ್ಲಿ ಕೂತದ್ದಿದೆ. ಆದರೆ ಉಯಿಲಿಗೆ ಸಾಕ್ಷಿ ಹಾಕಿದ ವ್ಯಕ್ತಿ ಕಟಕಟೆ ಹತ್ತಿದ ದಿನ ಶಿವಮೊಗ್ಗಕ್ಕೆ ಬಂದಿದ್ದು ಅವರ ಆಫೀಸಿನ ಹುಡುಗ. ಸನ್ನದು ತಗೊಂಡು ಎಂಟು ತಿಂಗಳು. ರಾತ್ರಿ ಬಸ್ಸಿಗೆ ಬಂದು, ಬಸ್ ಸ್ಟ್ಯಾಂಡಿನಲ್ಲಿ ಮುಖ ತೊಳೆದು, ಫೈಲನ್ನು ಕೋರ್ಟ್ ಹಾಲಿನಲ್ಲೇ ಬಿಚ್ಚಿದ್ದು. ಪಾಪ, ಅವನ ತಪ್ಪೇನೂ ಇಲ್ಲ. ಕಕ್ಷಿದಾರರೂ ಆ ದಿನ ಬಂದಿರಲಿಲ್ಲ. ಯಾರದೋ ಮದುವೆ.

ಹುಡುಗ ಕೇಳಿದ ಪಾಟೀ ಸವಾಲು ಅರ್ಧ ಪುಟ. ನಾನು ನಕಲು ತೆಗೆಸಿ ಓದಿದೆ. ಹುಡುಗನ ಪ್ರಶ್ನೆಗೆ ಸಾಕ್ಷಿ ಕೊಟ್ಟ ಉತ್ತರವಷ್ಟೇ ಅದರಲ್ಲಿ ಇರುವುದು. 'ಸದರಿ ಉಯಿಲು ಸೃಷ್ಟಿಸಿದ್ದು ಎಂದರೆ ಸರಿಯಲ್ಲ. ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.' ಮುಗಿಯಿತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಜನರಿಗೆ ಎಷ್ಟು ಹೇಳಿದರೂ ತಲೆಗೆ ಹೋಗದ ಜಾಗ ಇದೇ.

ಉಯಿಲನ್ನು ಸಾಬೀತು ಮಾಡಲು ಕಾನೂನಿನಲ್ಲಿ ಗಟ್ಟಿ ನಿಯಮ ಇದೆ. ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಪ್ರಕಾರ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಬರೆದವರು ಸಹಿ ಮಾಡಿದ್ದನ್ನು ಅವರು ನೋಡಿರಬೇಕು, ಇಲ್ಲವೇ 'ಇದು ನನ್ನದೇ ಸಹಿ' ಅಂತ ಬರೆದವರು ಅವರಿಗೆ ಹೇಳಿರಬೇಕು. ಸಾಕ್ಷಿಗಳು ಬರೆದವರ ಎದುರಿಗೇ ಸಹಿ ಹಾಕಿರಬೇಕು. ಕೋರ್ಟಿನಲ್ಲಿ ಇಬ್ಬರಲ್ಲಿ ಒಬ್ಬರಾದರೂ ಬಂದು ಇದನ್ನು ಹೇಳಬೇಕು. ಅಂದರೆ ಆ ಒಬ್ಬ ಮನುಷ್ಯ ಕಟಕಟೆಯಲ್ಲಿ ನಿಂತ ಒಂದು ಗಂಟೆಯಲ್ಲೇ ಇಡೀ ತೋಟದ ಹಣೆಬರಹ ಇತ್ತು. ಕೇಳಬೇಕಿದ್ದ ಪ್ರಶ್ನೆಗಳು ದೊಡ್ಡ ಪಾಂಡಿತ್ಯದವೇನಲ್ಲ. ನೀವು ಹೋದಾಗ ಯಜಮಾನರು ಆಗಲೇ ಸಹಿ ಮಾಡಿದ್ದರಾ? ಎಲ್ಲಿ ಕೂತಿದ್ದರು? ಕನ್ನಡಕ ಹಾಕಿದ್ದರಾ? ಪತ್ರ ಬರಹಗಾರನನ್ನು ಕರೆಸಿದ್ದು ಯಾರು, ದುಡ್ಡು ಕೊಟ್ಟಿದ್ದು ಯಾರು? ಓದಿ ಹೇಳಿದ್ದು ಯಾರು? ಇನ್ನೊಬ್ಬ ಸಾಕ್ಷಿ ಸಹಿ ಮಾಡುವಾಗ ನೀವು ಅಲ್ಲೇ ಇದ್ದಿರಾ, ಅಡಿಗೆಮನೆಗೆ ಕಾಫಿಗೆ ಹೋಗಿದ್ದಿರಾ? ನಗಬೇಡಿ, ಈ ಕಾಫಿ ಪ್ರಶ್ನೆಯೇ ಒಂದು ಸಲ ನನಗೆ ದಾವೆ ಗೆದ್ದುಕೊಟ್ಟಿದೆ.

ಈ ಪ್ರಶ್ನೆಗಳಿಗೆ ಉತ್ತರ ನಮ್ಮ ಪರವಾಗೇ ಬರುತ್ತಿತ್ತು ಅಂತ ನಾನು ಹೇಳುವುದಿಲ್ಲ. ಬರದೇ ಇರಬಹುದಿತ್ತು. ಆದರೆ ಕೇಳದ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ, ಅಲ್ವಾ? ಸಾಮಾನ್ಯವಾಗಿ ಸಾಕ್ಷಿ ಹೇಳಿದ ಮಾತನ್ನು ಎದುರಿನವರು ಪ್ರಶ್ನಿಸದೇ ಬಿಟ್ಟರೆ ಅದನ್ನು ಒಪ್ಪಿಕೊಂಡ ಹಾಗೇ ಕೋರ್ಟು ನೋಡುತ್ತದೆ. ವಾದದ ದಿನ ಬೆಂಗಳೂರಿನವರು ಖುದ್ದಾಗಿ ಬಂದರು. ಕಕ್ಷಿದಾರರು ಎರಡು ಕಾರು ಮಾಡಿಕೊಂಡು ನೆಂಟರನ್ನೆಲ್ಲ ಕರೆತಂದಿದ್ದರು. 'ಉಯಿಲಿನ ಸುತ್ತ ಅನುಮಾನಗಳಿವೆ' ಅಂತ ದೊಡ್ಡವರು ನಲವತ್ತು ನಿಮಿಷ ಸೊಗಸಾಗಿ ಹೇಳಿದರು. ಜಡ್ಜ್ ಪುಟ ತಿರುಗಿಸುತ್ತಾ ಒಂದೇ ಮಾತು ಕೇಳಿದರು: 'ಪಾಟೀ ಸವಾಲಿನಲ್ಲಿ ಇದು ಎಲ್ಲಿದೆ?'

ದಾವೆ ಹೋಯಿತು. ಈಗ ಅಪೀಲಿಗೆ ನನ್ನ ಹತ್ತಿರ ಬಂದಿದ್ದಾರೆ. 'ಆ ಸಾಕ್ಷೀನ ಇನ್ನೊಂದ್ಸಲ ಕರೆಸಿ ಮಾರಾಯ್ರೆ, ಈ ಸಲ ನೀವೇ ಕೇಳಿ.'

ಹಾಗೆಲ್ಲ ಆಗುವುದಿಲ್ಲ. ದೆಹಲಿಯ ಒಂದು ಅತ್ಯಾಚಾರದ ಕೇಸಿನಲ್ಲಿ, ಟ್ಯಾಕ್ಸಿ ಚಾಲಕನ ಮೇಲಿನ ಆ ಕೇಸು ನಿಮಗೂ ನೆನಪಿರಬಹುದು, ಆರೋಪಿ ವಕೀಲರನ್ನು ಬದಲಾಯಿಸಿದ. ಹಿಂದಿನವರು ಸರಿಯಾಗಿ ಪಾಟೀ ಸವಾಲು ಮಾಡಿಲ್ಲ, ಸಾಕ್ಷಿಗಳನ್ನು ಮತ್ತೆ ಕರೆಸಿ ಅಂತ ಕೇಳಿದ. ಹೈಕೋರ್ಟು ಒಪ್ಪಿತು. 2015ರಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ವಕೀಲರು ಬದಲಾದರು ಅನ್ನುವುದೊಂದೇ ಸಾಕ್ಷಿಯನ್ನು ಮತ್ತೆ ಕರೆಸಲು ಕಾರಣವಾಗದು ಅಂದಿತು. ಸಿವಿಲ್ ಕೇಸಿನಲ್ಲೂ ಬಿಟ್ಟುಹೋದದ್ದನ್ನು ತುಂಬಿಕೊಳ್ಳಲು ಸಾಕ್ಷಿಯನ್ನು ವಾಪಸ್ ಕರೆಸುವುದು ಬಹಳ ಕಷ್ಟ. ಅಪೀಲಿನಲ್ಲಿ ಹೊಸ ಸಾಕ್ಷ್ಯ ತರಲು ಬಾಗಿಲು ಇದೆ, ಆದರೆ ಅದು ತೀರಾ ಕಿರಿದು. ಎರಡನೇ ಅಪೀಲಿಗೆ ಹೈಕೋರ್ಟಿಗೆ ಹೋದರಂತೂ ಕಾನೂನಿನ ಗಟ್ಟಿ ಪ್ರಶ್ನೆ ಇದ್ದರೆ ಮಾತ್ರ ಕೇಳುತ್ತಾರೆ. ಅಂದರೆ ತಾಲ್ಲೂಕು ಕೋರ್ಟಿನ ಟೈಪಿಸ್ಟ್ ಆ ದಿನ ಟೈಪ್ ಮಾಡಿದ ಹಾಳೆಗಳೇ ದೆಹಲಿವರೆಗೂ ಹೋಗುತ್ತವೆ. ಅಲ್ಲಿ ಎಷ್ಟೇ ದೊಡ್ಡವರು ನಿಂತರೂ ಅವರ ಕೈಯಲ್ಲಿರುವುದು ಅದೇ ಹಾಳೆ.

ಕ್ರಿಮಿನಲ್ ಕೇಸಿನಲ್ಲಿ ಇದು ಇನ್ನೂ ಸೂಕ್ಷ್ಮ. ಪೊಲೀಸರ ಮುಂದೆ ಒಂದು ಹೇಳಿ ಕೋರ್ಟಿನಲ್ಲಿ ಇನ್ನೊಂದು ಹೇಳಿದರೆ 'ಸಾಕ್ಷಿ ಉಲ್ಟಾ ಹೊಡೆದ' ಅಂತ ವಾದದಲ್ಲಿ ಕೂಗಿದರೆ ಸಾಲದು. ಹಳೆಯ ಹೇಳಿಕೆಯ ಆ ಸಾಲನ್ನೇ ಅವನ ಮುಂದಿಟ್ಟು ಕೇಳಬೇಕು, ಆ ಭಾಗಕ್ಕೆ ಗುರುತು ಹಾಕಿಸಬೇಕು, ಆಮೇಲೆ ತನಿಖಾಧಿಕಾರಿ ಬಂದಾಗ 'ಹೀಗೆ ಹೇಳಿದ್ದು ನಿಜವೇ' ಅಂತ ಅವರಿಂದಲೂ ಹೇಳಿಸಬೇಕು. ಮೂರರಲ್ಲಿ ಒಂದು ಮೆಟ್ಟಿಲು ತಪ್ಪಿದರೂ ಹೋಯಿತು. ಇದನ್ನು ಕ್ಲಾಸಿನಲ್ಲಿ ಹೇಳಿಕೊಡುತ್ತಾರೆ. ಆದರೆ ಜಡ್ಜ್ ಗಡಿಯಾರ ನೋಡುತ್ತಿರುವಾಗ, ಎದುರಿನ ವಕೀಲರು ಪ್ರತಿ ಪ್ರಶ್ನೆಗೂ ಆಕ್ಷೇಪ ಎತ್ತುತ್ತಿರುವಾಗ, ಕೈ ನಡುಗದೆ ಮಾಡುವುದು ಅಭ್ಯಾಸದಿಂದಷ್ಟೇ ಬರುತ್ತದೆ.

ಗಾಂಧೀಜಿ ಲಂಡನ್ನಿನ ಬ್ಯಾರಿಸ್ಟರ್. 1891ರಲ್ಲಿ ಪಾಸಾಗಿ ಬಂದವರು. ಅದಕ್ಕಿಂತ ದೊಡ್ಡ ಓದು ಆ ಕಾಲದಲ್ಲಿ ಬೇಕಾ? ಬೊಂಬಾಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ 30 ರೂಪಾಯಿ ಫೀಸಿಗೆ ಮೊದಲ ಕೇಸು ಹಿಡಿದರು. ಪಾಟೀ ಸವಾಲಿಗೆ ಎದ್ದು ನಿಂತಾಗ ತಲೆ ಸುತ್ತಿತು, ಬಾಯಿಗೆ ಒಂದು ಪ್ರಶ್ನೆಯೂ ಬರಲಿಲ್ಲ. ಕೂತುಬಿಟ್ಟರು. ಫೀಸು ವಾಪಸ್ ಕೊಡುತ್ತೇನೆ, ಪಟೇಲರನ್ನು ಇಟ್ಟುಕೊಳ್ಳಿ ಅಂದರು. ಪಟೇಲ್ ಎಂಬ ಆ ವಕೀಲರು 51 ರೂಪಾಯಿಗೆ ಕೇಸು ನಡೆಸಿದರು. ಇದನ್ನೆಲ್ಲ ಸ್ವತಃ ಗಾಂಧೀಜಿಯವರೇ ಬರೆದುಕೊಂಡಿದ್ದಾರೆ. ನನ್ನ ಹತ್ತಿರ ಬರುವ ಜೂನಿಯರ್‌ಗಳಿಗೆ ಮೊದಲ ದಿನವೇ ಈ ಕಥೆ ಹೇಳುತ್ತೇನೆ. ಕಕ್ಷಿದಾರರಿಗೂ ಹೇಳುತ್ತೇನೆ. ಅವರು ನಕ್ಕು, ಮತ್ತೆ ಗೋಡೆ ನೋಡುತ್ತಾರೆ.

ಹಾಗಾದರೆ ವಿಚಾರಣಾ ಕೋರ್ಟಿನ ವಕೀಲ ತಯಾರಾಗುವುದು ಹೇಗೆ? ಪಿಯುಸಿ ಆದಮೇಲೆ ಐದು ವರ್ಷ ಅಥವಾ ಡಿಗ್ರಿ ಆದಮೇಲೆ ಮೂರು ವರ್ಷ ಓದು, ನೋಂದಣಿ, ಬಾರ್ ಪರೀಕ್ಷೆ, ಇವೆಲ್ಲ ಎಲ್ಲರಿಗೂ ಗೊತ್ತಿರುವುದೇ. ನಿಜವಾದ ಓದು ಆಮೇಲಿನದು. ಸೀನಿಯರ್ ಆಫೀಸಿನಲ್ಲಿ ಫೈಲು ಹೊರುವುದು, ನಕಲಿಗೆ ಅರ್ಜಿ ಹಾಕಿ ಕಾಯುವುದು, 'ಸೀನಿಯರ್ ಬರ್ತಿದ್ದಾರೆ ಸ್ವಾಮಿ, ಪಾಸ್ ಓವರ್ ಕೊಡಿ' ಅಂತ ಕೇಸನ್ನು ಸ್ವಲ್ಪ ಹೊತ್ತು ಮುಂದೆ ಹಾಕಲು ಕೇಳುವುದು. ಆಮೇಲೆ ಚೆಕ್ ಬೌನ್ಸ್ ಕೇಸಿನಲ್ಲಿ ಒಂದು ಸಣ್ಣ ಪಾಟೀ ಸವಾಲು. ಮೋಟಾರು ಅಪಘಾತದ ಕೇಸಿನಲ್ಲಿ ಡಾಕ್ಟರಿಗೆ ನಾಲ್ಕು ಪ್ರಶ್ನೆ. ಬೈಸಿಕೊಂಡು ಬೈಸಿಕೊಂಡು ಕಲಿಯುವ ಕೆಲಸ ಇದು. ದುಡ್ಡಿನ ಮಾತು ಕೇಳಲೇಬೇಡಿ. 2024ರಲ್ಲಿ ವಕೀಲರ ನಿಯಂತ್ರಣ ಮಂಡಳಿಯಾದ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಜೂನಿಯರ್‌ಗಳಿಗೆ ತಿಂಗಳಿಗೆ ನಗರದಲ್ಲಿ 20 ಸಾವಿರ, ಹಳ್ಳಿ ಕಡೆ 15 ಸಾವಿರ ರೂಪಾಯಿ ಕೊಡಿ ಅಂತ ಶಿಫಾರಸು ಮಾಡಿತು. ಶಿಫಾರಸು ಅಷ್ಟೇ. ನಾನು ಜೂನಿಯರ್ ಆಗಿದ್ದಾಗ ಸಿಗುತ್ತಿದ್ದುದು ಊಟ, ಬಸ್ ಚಾರ್ಜು ಮತ್ತು ಬೈಗುಳ.

ಜಡ್ಜ್ ಆಗುವವರಿಗೂ ಈ ಮಣ್ಣು ಮೆಟ್ಟಿರಬೇಕು ಅಂತ ಈಗ ಮತ್ತೆ ನಿಯಮ ಬಂದಿದೆ. ಸಿವಿಲ್ ಜಡ್ಜ್ ಪರೀಕ್ಷೆಗೆ ಕನಿಷ್ಠ 3 ವರ್ಷ ವಕೀಲಿಕೆ ಬೇಕು ಅಂತ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮನೆಯ ಕಷ್ಟದ ನಡುವೆ ಓದಿದ ಹುಡುಗಿಯರಿಗೆ ಇದರಿಂದ ತೊಂದರೆ ಅನ್ನುವವರೂ ಇದ್ದಾರೆ, ಅವರ ಮಾತಿನಲ್ಲೂ ಹುರುಳಿದೆ. ಆದರೆ ಕೋರ್ಟ್ ಹಾಲಿನ ಈಚೆ ಬದಿ ನಿಂತು ನೋಡಿದವರಿಗೆ ಕಾಣುವುದೇ ಬೇರೆ.

ವಕೀಲರ ಹಿನ್ನೆಲೆ ಎಂದಾಗ ನನಗೆ ನಮ್ಮ ವಕೀಲರ ಸಂಘದ ಮೇಷ್ಟ್ರು ನೆನಪಾಗುತ್ತಾರೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದ ಮೇಲೆ ಕರಿಕೋಟು ಹಾಕಿದವರು. 45 ದಾಟಿದವರಿಗೆ ಸನ್ನದು ಕೊಡಬಾರದು ಅಂತ ಒಂದು ನಿಯಮ ಇತ್ತು, 1995ರಲ್ಲಿ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು, ಹಾಗಾಗಿ ಇಂಥವರು ನಮಗೆ ಸಿಕ್ಕರು. ಮೇಷ್ಟ್ರ ಇಂಗ್ಲಿಷು ಅಷ್ಟಕ್ಕಷ್ಟೆ. ಕಕ್ಷಿದಾರರು ಅವರನ್ನು 'ಲೇಟಾಗಿ ಬಂದವರು' ಅಂತ ದೂರ ಇಡುತ್ತಿದ್ದರು. ಆದರೆ ಸಾಕ್ಷಿಯನ್ನು ಅವರು ಪ್ರಶ್ನೆ ಕೇಳುವುದನ್ನು ನೋಡಬೇಕಿತ್ತು! ದನಿ ಏರಿಸುತ್ತಿರಲಿಲ್ಲ. 'ಹೌದಾ? ಸರಿ. ಆಮೇಲೆ?' ಅಂತ ಹೋಂವರ್ಕ್ ಮಾಡದ ಹುಡುಗನ ಹತ್ತಿರ ಮಾತಾಡಿದ ಹಾಗೆ. ಮೂವತ್ತು ವರ್ಷ ಮಕ್ಕಳ ಸುಳ್ಳು ಕೇಳಿದ ಕಿವಿ ಅದು. ಸಾಕ್ಷಿ ತಾನಾಗಿಯೇ ಸಿಕ್ಕಿಬೀಳುತ್ತಿದ್ದ.

ಹೆಸರಾಂತ ರಾಷ್ಟ್ರೀಯ ಕಾನೂನು ಶಾಲೆಯಿಂದ ಬಂದ ಹುಡುಗಿಯೊಬ್ಬಳೂ ನನ್ನ ಆಫೀಸಿನಲ್ಲಿದ್ದಾಳೆ. ಅವಳ ಜೊತೆಯವರು ಬೆಂಗಳೂರು, ಮುಂಬೈಯ ದೊಡ್ಡ ಫರ್ಮುಗಳಲ್ಲಿದ್ದಾರೆ. ಈಕೆ ಪಹಣಿ ಓದಲು ಕಲಿಯಲು ಇಲ್ಲಿಗೆ ಬಂದಳು. ಮೊದಲ ತಿಂಗಳು ಖರಾಬು (ಸಾಗುವಳಿಗೆ ಬಾರದ ಜಮೀನು) ಅಂದರೇನು ಅಂತ ಕೇಳಿದ್ದಳು. ಈಗ ಸರ್ವೇಯರ್ ಸಾಕ್ಷಿ ಹೇಳುವ ದಿನ ನಾನೇ ಅವಳನ್ನು ಕಳಿಸುತ್ತೇನೆ, ನಕ್ಷೆಯ ಅಳತೆ ಅವಳಷ್ಟು ಚೆನ್ನಾಗಿ ನನಗೂ ಹಿಡಿಯಲು ಬರುವುದಿಲ್ಲ. ಹಾಗಾಗಿ ಜೂನಿಯರ್ ಬಂದರೆ ಕೇಸು ಹಾಳು ಅಂತ ತಿಳಿಯಬೇಡಿ. ಫೈಲು ಓದಿಕೊಂಡು ಬಂದಿದ್ದಾರಾ, ಇಂಥ ಸಾಕ್ಷಿಯನ್ನು ಹಿಂದೆ ಕೇಳಿದ್ದಾರಾ, ಅಷ್ಟು ವಿಚಾರಿಸಿ. ಸರ್ಕಾರಿ ಅಭಿಯೋಜಕರಾಗಿ ವರ್ಷಗಟ್ಟಲೆ ದಿನಕ್ಕೆ ನಾಲ್ಕೈದು ಸಾಕ್ಷಿ ನಡೆಸಿದವರು ಸಿಕ್ಕರಂತೂ, ಕ್ರಿಮಿನಲ್ ಕೇಸಿಗೆ ನಾನು ಬೋರ್ಡು ನೋಡದೆ ಕಳಿಸುತ್ತೇನೆ.

ಬೋರ್ಡಿನಲ್ಲಿ ಅಷ್ಟಕ್ಕೂ ಏನೂ ಇರುವುದಿಲ್ಲ. ಇರಬಾರದು. ಹಿಂದೆ ಜಡ್ಜ್ ಆಗಿದ್ದೆ, ಇಂಥ ಸಂಘದ ಅಧ್ಯಕ್ಷ, ಇಂಥದ್ದರಲ್ಲಿ ಸ್ಪೆಷಲಿಸ್ಟ್ ಅಂತೆಲ್ಲ ವಕೀಲರ ಬೋರ್ಡಿನಲ್ಲಿ ಬರೆಯುವುದನ್ನು ಬಾರ್ ಕೌನ್ಸಿಲ್ ನಿಯಮ ಒಪ್ಪುವುದಿಲ್ಲ. 'ಗೆದ್ದರೆ ಇಷ್ಟು ಪರ್ಸೆಂಟ್' ಅನ್ನುವ ಫೀಸಿಗೂ ಅವಕಾಶವಿಲ್ಲ. ಗೆದ್ದ ಕೇಸಿನ ಲೆಕ್ಕ ಹೇಳುವವರ ಹತ್ತಿರ ಸ್ವಲ್ಪ ಹುಷಾರಾಗಿರಿ. ಸೋಲಲೇಬೇಕಾದ ಕೇಸನ್ನು ಸಣ್ಣ ನಷ್ಟದಲ್ಲಿ ರಾಜಿ ಮಾಡಿಸಿದವರು ಅದನ್ನು ಯಾವ ಲೆಕ್ಕಕ್ಕೆ ಬರೆಯುತ್ತಾರೆ?

ಇನ್ನು ಕೆಲವರು 'ರಿಟೈರ್ಡ್ ಹೈಕೋರ್ಟ್ ಜಡ್ಜನ್ನೇ ನಿಲ್ಲಿಸ್ತೀನಿ' ಅಂತ ಎದುರಾಳಿಗೆ ಹೆದರಿಸುತ್ತಾರೆ. ಸಂವಿಧಾನದ 220ನೇ ವಿಧಿ ಓದಿ. ಹೈಕೋರ್ಟಿನ ಕಾಯಂ ನ್ಯಾಯಮೂರ್ತಿಯಾಗಿದ್ದವರು ಆಮೇಲೆ ಸುಪ್ರೀಂ ಕೋರ್ಟು ಮತ್ತು ಬೇರೆ ಹೈಕೋರ್ಟುಗಳಲ್ಲಿ ಮಾತ್ರ ವಾದಿಸಬಹುದು. ತೀರ್ಥಹಳ್ಳಿಯ ಕೋರ್ಟಿಗೆ ಅವರು ಬರುವ ಹಾಗೇ ಇಲ್ಲ.

ಒಂದು ಎಚ್ಚರಿಕೆಯ ಮಾತು. ದೊಡ್ಡ ವಕೀಲರು ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ರಿಟ್ ಅರ್ಜಿ, ಕಾನೂನಿನ ಪ್ರಶ್ನೆಯೇ ಮುಖ್ಯವಾದ ಅಪೀಲು, ಕೆಲವು ಜಾಮೀನು ಅರ್ಜಿ, ಇಲ್ಲೆಲ್ಲ ಅವರ ಅನುಭವಕ್ಕೆ ಕೊಟ್ಟ ದುಡ್ಡು ದಂಡವಲ್ಲ. ನಿಮ್ಮ ಕೇಸು ಯಾವ ಥರದ್ದು ಅಂತ ಕಾಗದ ನೋಡದೆ ಯಾರೂ ಹೇಳಲಾಗದು, ನಾನೂ ಕೂಡ. ಸಾಕ್ಷಿಯ ಮೇಲೆ ನಿಂತ ಕೇಸಾದರೆ ಮಾತ್ರ ಆ ದುಡ್ಡಿನ ದೊಡ್ಡ ಪಾಲು ವಾದದ ದಿನಕ್ಕಿಂತ ಪಾಟೀ ಸವಾಲಿನ ದಿನಕ್ಕೆ ಇರಲಿ. ಆ ದಿನ ನೀವೂ ಬನ್ನಿ. ಸಾಕ್ಷಿ ಹೇಳುವ ಸುಳ್ಳು ಮೊದಲು ಗೊತ್ತಾಗುವುದು ನಿಮಗೆ, ವಕೀಲರಿಗಲ್ಲ. 'ಆ ವರ್ಷ ಆ ಮನೆಗೆ ಮಹಡಿಯೇ ಇರಲಿಲ್ಲ ಸಾರ್' ಅಂತ ಹಿಂದಿನಿಂದ ಒಂದು ಚೀಟಿ ಕೊಟ್ಟರೆ ಸಾಕು.

ಅಡಿಕೆ ಬೆಳೆಗಾರರಿಗೆ ಇಷ್ಟನ್ನೂ ಹೇಳಿದೆ. ಕಾಫಿ ಕುಡಿದು ಎಲ್ಲಕ್ಕೂ ತಲೆಯಾಡಿಸಿದರು. ಅವರದೇ ಇನ್ನೊಂದು ದಾವೆ ಇದೆ, ಬೇಲಿಯ ತಕರಾರು, ಈಗ ನನ್ನ ಕೈಯಲ್ಲೇ. ಮುಂದಿನ ಗುರುವಾರ ಎದುರಿನವರ ಮುಖ್ಯ ಸಾಕ್ಷಿ. ನಿನ್ನೆ ಫೋನ್ ಮಾಡಿದ್ದರು. ತೋಟದಲ್ಲಿ ಅಡಿಕೆ ಗೊನೆ ಕೊಯ್ಲು ಇದೆಯಂತೆ, ಆಳು ಸಿಕ್ಕಿದ್ದೇ ಹೆಚ್ಚಂತೆ. 'ನೀವಿದ್ದೀರಲ್ಲ ಸಾರ್, ನೋಡ್ಕೊಳಿ. ವಾದದ ದಿನ ಹೇಳಿ, ಎಲ್ಲರೂ ಬರ್ತೀವಿ' ಅಂದರು.